ನಡುವೆ ಬಿಟ್ಟುಹೋದ ಜೋಮು

ಆ ದಿನ ಹಲ್ಲಿನ ಡಾಕ್ಟರಮ್ಮನ ಕುರ್ಚಿಯಲ್ಲಿ ಕೂತು ನಾನು ಹಾಕಿದ ಕೂಗು ಮೇಲಿನ ಮಹಡಿಯಲ್ಲಿದ್ದ ನಮ್ಮ ಆಫೀಸಿನವರೆಗೂ ಕೇಳಿಸಿತಂತೆ. ಹೆದರುಪುಕ್ಕಲ ಎಂದು ನಮ್ಮ ಭಾವ ಇಂದಿಗೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಅವರ ಹಲ್ಲುಗಳೆಲ್ಲ ಗಟ್ಟಿಯಾಗಿವೆ, ಅವರಿಗೇನು ಗೊತ್ತು! ಆದರೆ ಆ ಕೂಗು ಇಲ್ಲದಿದ್ದರೆ ಭಾವನ ಕೈಗೆ ಈ ಪ್ರಕರಣ ಬರುತ್ತಲೇ ಇರಲಿಲ್ಲ ಎಂಬುದನ್ನು ಮಾತ್ರ ಅವರು ಯಾರಿಗೂ ಹೇಳುವುದಿಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ವೃತ್ತಿಯಿಂದ ಪತ್ತೇದಾರರು. ನಾನು ಅವರ ಆಫೀಸಿನಲ್ಲಿ ಟೈಪು ಮಾಡುವವನು, ಫೋನು ಎತ್ತುವವನು, ಬೈಸಿಕೊಳ್ಳುವವನು. ನಮ್ಮ ಕೆಳಗಿನ ಮಹಡಿಯಲ್ಲೇ ದಂತ ಚಿಕಿತ್ಸಾಲಯ. ಹಿಂದೆ ಅದನ್ನು ನಡೆಸುತ್ತಿದ್ದ ಹಿರಿಯ ಡಾಕ್ಟರಿಗೆ ‘ನೋಯದ ಕೈ’ ಎಂದೇ ಹೆಸರಿತ್ತು. ಅವರು ತೀರಿಕೊಂಡ ಮೇಲೆ ಮಗಳು ಡಾಕ್ಟರಮ್ಮ ನಡೆಸುತ್ತಿದ್ದಳು. ತಾಯಿ ಮಗಳು ಚಿಕಿತ್ಸಾಲಯದ ಹಿಂಭಾಗದಲ್ಲೇ ವಾಸ. ಅಪ್ಪನ ಕಾಲದಿಂದಲೂ ಇದ್ದ ಸಹಾಯಕಿಯನ್ನು ಎಲ್ಲರೂ ನರ್ಸಕ್ಕ ಎನ್ನುತ್ತಿದ್ದರು.

ನನ್ನ ಕೆಳದವಡೆಯ ಹಲ್ಲು ಹುಳುಕಾಗಿತ್ತು. ಡಾಕ್ಟರಮ್ಮ ಇಂಜೆಕ್ಷನ್ ಕೊಟ್ಟಳು. ಚುರ್ ಎಂದಿತು, ಆಮೇಲೆ ಹಾಯಾಗಿ ಜೋಮು ಹಿಡಿಯಿತು. ತುಟಿ ನನ್ನದೋ ಪಕ್ಕದ ಮನೆಯವರದೋ ತಿಳಿಯದಂತಾಯಿತು. ಡ್ರಿಲ್ಲು ಗುಂಯ್‌ಗುಡುತ್ತಿದ್ದರೂ ನಾನು ಚಾವಣಿಯ ಫ್ಯಾನು ನೋಡುತ್ತ ಆರಾಮವಾಗಿ ಮಲಗಿದ್ದೆ. ಕೆಲಸ ಅರ್ಧಕ್ಕೆ ಬಂದಿರಬೇಕು, ಇದ್ದಕ್ಕಿದ್ದಂತೆ ಹಲ್ಲಿನ ಬುಡದಿಂದ ನೆತ್ತಿಯವರೆಗೆ ನೋವು ನುಗ್ಗಿತು. ಆಗಲೇ ನಾನು ಕೂಗಿದ್ದು.

ಹಿಂದಿನ ಬಾಗಿಲಿನಿಂದ ಡಾಕ್ಟರಮ್ಮನ ತಾಯಿ ಓಡಿಬಂದರು. ಬಂದವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

“ಇವತ್ತೂ ಕೂಗಾ? ದಿನಾ ಇದೇ ಆಯ್ತಲ್ಲ! ನನಗೆ ಗೊತ್ತು ಯಾರ ಕೆಲಸ ಅಂತ,” ಎಂದು ಗೂಟದಲ್ಲಿ ನೇತುಹಾಕಿದ್ದ ನರ್ಸಕ್ಕನ ಚೀಲವನ್ನು ಕಿತ್ತುಕೊಂಡು ಹೊರಗಿನ ಕೋಣೆಗೆ ಹೋದರು. ಅಲ್ಲಿ ರೋಗಿಗಳು ಕೂತಿದ್ದ ಬೆಂಚಿನ ಮೇಲೆಯೇ ಅದನ್ನು ಬೋರಲು ಹಾಕಿದರು. ನಾನೂ ಗಲ್ಲ ಹಿಡಿದುಕೊಂಡು ಹಿಂದೆಯೇ ಹೋದೆ. ನೋವು ನೋವೇ, ಕುತೂಹಲ ಕುತೂಹಲವೇ. ಬಾಚಣಿಗೆ ಬಿತ್ತು, ಊಟದ ಡಬ್ಬಿ ಬಿತ್ತು, ಕೊನೆಗೆ ಜೋಮಿನ ಮದ್ದಿನ ಒಂದು ಪುಟ್ಟ ಶೀಶೆ ಉರುಳಿತು.

“ನೋಡಿ, ಎಲ್ಲರೂ ನೋಡಿ! ಬೆಳಿಗ್ಗೆ ಎದುರು ಹಲ್ಲಿನ ಡಾಕ್ಟ್ರ ಕ್ಲಿನಿಕ್ಕಿಂದ ಇವಳು ಬರೋದನ್ನ ಕಣ್ಣಾರೆ ನೋಡಿದೀನಿ. ನಮ್ಮ ಮದ್ದು ಅಲ್ಲಿಗೆ ಸಾಗಿಸ್ತಾಳೆ, ಇಲ್ಲಿ ನೀರು ತುಂಬಿಡ್ತಾಳೆ. ಉಂಡ ಮನೆಗೆ ಎರಡು ಬಗೆಯೋ ಕಳ್ಳಿ!”

ನರ್ಸಕ್ಕನ ಮುಖ ಬಿಳಿಚಿಕೊಂಡಿತು. “ಅದು ಕದ್ದಿದ್ದಲ್ಲ ಅಮ್ಮಾ. ಉಳಿದದ್ದನ್ನ ರೋಗಿಗಳ ಮುಂದೆ ನಾನು ಹೇಳಲ್ಲ,” ಎಂದಷ್ಟೇ ಹೇಳಿ ಬಾಚಣಿಗೆ, ಡಬ್ಬಿ ಎತ್ತಿಕೊಂಡು ಮೆಟ್ಟಿಲಿಳಿದು ಹೋದಳು. ಬೆಂಚಿನ ಮೇಲಿದ್ದವರು ಮುಖ ಮುಖ ನೋಡಿಕೊಂಡರು. ಹೇಳಲು ಏನಾದರೂ ಇದ್ದಿದ್ದರೆ ಹೇಳುತ್ತಿರಲಿಲ್ಲವೇ ಎಂದು ನನಗೂ ಅನ್ನಿಸಿತು.

ಸ್ವಲ್ಪ ಹೊತ್ತಿನಲ್ಲೇ ಡಾಕ್ಟರಮ್ಮ ನಮ್ಮ ಆಫೀಸಿಗೆ ಬಂದಳು. ಕಣ್ಣು ಕೆಂಪಾಗಿತ್ತು.

“ಅಣ್ಣಾ, ನರ್ಸಕ್ಕ ನನ್ನನ್ನ ಎತ್ತಿ ಆಡಿಸಿದವಳು. ನಾಳೆಯಿಂದ ಬರಬೇಡ ಅಂತ ಅಮ್ಮ ಹೇಳಿ ಕಳ್ಸಿದಾರೆ. ಕಳ್ಳಿ ಅನ್ನೋ ಹೆಸರು ಹೊತ್ಕೊಂಡು ಹೋದ್ರೆ ಅವಳಿಗೆ ಯಾರು ಕೆಲಸ ಕೊಡ್ತಾರೆ? ಅವಳೇ ಮಾಡಿದ್ರೆ ನನಗೆ ಗೊತ್ತಾಗ್ಬೇಕು. ಮಾಡಿಲ್ಲ ಅಂದ್ರಂತೂ ಖಂಡಿತ ಗೊತ್ತಾಗ್ಬೇಕು.”

ಭಾವ ಅವಳಿಗೆ ಕುರ್ಚಿ ತೋರಿಸಿ ನನ್ನ ಕಡೆ ತಿರುಗಿದರು. “ಏನೋ ಶೂರ, ಮೊದಲು ಜೋಮು ಹಿಡಿದಿತ್ತೋ ಇಲ್ಲವೋ?”

“ಹಿಡಿದಿತ್ತು ಭಾವ, ಚೆನ್ನಾಗೇ ಹಿಡಿದಿತ್ತು. ಆಮೇಲೆ ಹಲ್ಲಿಂದು ಬಿಟ್ಟೋಯ್ತು. ತುಟಿದು ಇನ್ನೂ ಇದೆ, ನೋಡಿ.” ನನ್ನ ಮಾತು ಒಂದು ಕಡೆಯಿಂದ ಸೋರುತ್ತಿತ್ತು.

“ಎಲ್ಲರಿಗೂ ಹೀಗೇನಾ ಡಾಕ್ಟರಮ್ಮ?”

“ಹೆಚ್ಚು ಕಮ್ಮಿ ಹೀಗೇ. ಶುರುನಲ್ಲಿ ಸರಿಯಾಗಿರತ್ತೆ, ನಡುವೆ ಕೈಕೊಡತ್ತೆ. ಇನ್ನೊಂದು ವಿಷಯ, ಹಲ್ಲು ಕಿತ್ತವರಿಗೆ ರಕ್ತ ಬೇಗ ನಿಲ್ತಾ ಇಲ್ಲ. ನನ್ನ ಕೈಯೇ ಸರಿಯಿಲ್ವೇನೋ ಅಂತ ನನ್ನನ್ನೇ ಬೈಕೊಂಡೆ. ನಡುವೆ ಒಂದಷ್ಟು ದಿನ ಮಾತ್ರ ಯಾರೂ ಕೂಗಲಿಲ್ಲ. ಅಮ್ಮ ಚಿಕ್ಕಮ್ಮನ ಮನೆಗೆ ಹೋಗಿದ್ರು, ನಾನೇ ಅನ್ನ ಬೇಯಿಸಿ ಸೀಯಿಸ್ತಿದ್ದೆ. ಅದಕ್ಕೇ ನೆನಪಿದೆ.”

“ಆಗ ನರ್ಸಕ್ಕ?”

“ದಿನಾ ಬರ್ತಿದ್ಲು.”

ನಾವು ಕೆಳಗಿಳಿದೆವು. ಚಿಕಿತ್ಸೆಯ ಕೋಣೆಗೂ ಹಿಂದಿನ ಅಡುಗೆಮನೆಗೂ ನಡುವೆ ಕಿರಿದಾದ ಓಣಿ. ಫ್ರಿಜ್ಜು ಅಲ್ಲೇ ಇತ್ತು. ಮೇಲಿನ ಅರೆಯಲ್ಲಿ ಹಾಲು, ಸೊಪ್ಪು. ಕೆಳಗಿನ ಅರೆಯಲ್ಲಿ ಮದ್ದು. ಭಾವ ಬಳಕೆಯಲ್ಲಿದ್ದ ಶೀಶೆಗಳನ್ನು ಒಂದೊಂದಾಗಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಚೀಲದಿಂದ ಬಿದ್ದ ಶೀಶೆಯನ್ನೂ ಪಕ್ಕದಲ್ಲಿಟ್ಟರು. ಅದು ತಿಳಿನೀರಿನಂತಿತ್ತು. ಫ್ರಿಜ್ಜಿನವಕ್ಕೆ ಮಾತ್ರ ತೀರ ತೆಳುವಾದ ಕಂದು ಛಾಯೆ. ಅವುಗಳ ಮೇಲಿನ ಚೀಟಿಗಳೂ ಸುಕ್ಕಾಗಿ ಅಂಚು ಎದ್ದಿದ್ದವು, ಒಂದರ ಚೀಟಿ ಅರ್ಧ ಹರಿದೇ ಹೋಗಿತ್ತು. ಚೀಲದ ಶೀಶೆಯ ಚೀಟಿಯ ಮೇಲೆ ಬೇರೆಯೇ ಕಂಪನಿಯ ಹೆಸರಿತ್ತು.

“ಬೆಳಿಗ್ಗೆ ಶೀಶೆಗಳನ್ನ ಫ್ರಿಜ್ಜಿಂದ ತೆಗೆದು ಟ್ರೇನಲ್ಲಿ ಇಡೋದು ಯಾರು?” ಭಾವ ಕೇಳಿದರು.

“ನರ್ಸಕ್ಕ. ನಾನು ಬರೋ ಹೊತ್ತಿಗೆ ಬಟ್ಟೆ ಮುಚ್ಚಿ ಇಟ್ಟಿರ್ತಾಳೆ. ಮಿಕ್ಕದ್ದನ್ನ ಸಂಜೆ ವಾಪಸ್ ಫ್ರಿಜ್ಜಿಗೆ ಹಾಕ್ತಾಳೆ,” ಎಂದಳು ಡಾಕ್ಟರಮ್ಮ.

ಅಡುಗೆಮನೆಯಲ್ಲಿ ತಾಯಿ ಪಾತ್ರೆ ತೊಳೆಯುತ್ತಿದ್ದರು. ಭಾವ ಬಾಗಿಲಲ್ಲೇ ನಿಂತು, “ಕುಡಿಯೋಕೆ ನೀರು ಕೊಡ್ತೀರಾ ಅಮ್ಮ?” ಎಂದರು. ಅವರು ನೀರು ತರಲು ತಿರುಗಿದಾಗ ಭಾವ ಒಳಗೆ ಬಂದು ಒಲೆಯ ಪಕ್ಕದಲ್ಲಿದ್ದ ಸಣ್ಣ ಪಾತ್ರೆಯೊಳಗೆ ಬೆರಳಿಟ್ಟು, ಅಂಟಿದ್ದ ಬಿಳಿ ಕಾಗದದ ಚೂರೊಂದನ್ನು ಉಗುರಿನಿಂದ ಕೆರೆದು ತೆಗೆದರು. ಪತ್ತೇದಾರರಿಗೂ ಪಾತ್ರೆ ತೊಳೆಯುವ ಚಟವೇ ಎಂದುಕೊಂಡೆ.

“ಅವಳನ್ನ ಪೊಲೀಸರಿಗೆ ಕೊಡ್ತೀರೇನಪ್ಪ?” ಎಂದು ತಾಯಿ ಲೋಟ ಚಾಚಿದರು.

“ನೋಡೋಣ ಅಮ್ಮ. ಅವಸರವೇನಿದೆ?” ಎಂದು ಭಾವ ನೀರು ಗಟಗಟ ಕುಡಿದರು.

ಅಲ್ಲಿಂದ ನರ್ಸಕ್ಕನ ಮನೆಗೆ ಹೋದೆವು. ಅವಳು ಬಾಗಿಲು ತೆರೆದಳು, ಒಳಗೆ ಕರೆಯಲಿಲ್ಲ.

“ಒಂದೇ ಪ್ರಶ್ನೆ ನರ್ಸಕ್ಕ. ಬೆಳಿಗ್ಗೆ ಟ್ರೇಗೆ ಶೀಶೆ ಇಡೋದು ಯಾರು?”

“ಡಾಕ್ಟರಮ್ಮನೇ ಇಟ್ಟಿರ್ತಾಳಲ್ಲ. ನಾನು ಬರೋವಾಗ್ಲೇ ಇರತ್ತೆ. ಇಲ್ಲದ ದಿನ ಮಾತ್ರ ನಾನೇ ತೆಗೆದಿಡ್ತೀನಿ.”

ದಾರಿಯಲ್ಲಿ ನನಗೆ ತಡೆಯಲಾಗಲಿಲ್ಲ. “ಸಿಕ್ಕಿಬಿದ್ಲು ಭಾವ! ಡಾಕ್ಟರಮ್ಮ ಇವಳು ಅಂತಾಳೆ, ಇವಳು ಡಾಕ್ಟರಮ್ಮ ಅಂತಾಳೆ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳ್ತಿದಾರೆ.”

“ಇಬ್ಬರೂ ನಿಜ ಹೇಳ್ತಿದ್ರೆ?” ಎಂದರು ಭಾವ. ಆಮೇಲೆ ಎಷ್ಟು ಕೆದಕಿದರೂ ತುಟಿಪಿಟಿಕ್ಕೆನ್ನಲಿಲ್ಲ. ಒಂದು ಫೋನು ಮಾತ್ರ ಮಾಡಿದರು, ಎದುರು ಡಾಕ್ಟರಿಗೆ.

ಸಂಜೆ ರೋಗಿಗಳೆಲ್ಲ ಹೋದ ಮೇಲೆ ಚಿಕಿತ್ಸೆಯ ಕೋಣೆಯಲ್ಲಿ ಎಲ್ಲರೂ ಸೇರಿದೆವು. ನರ್ಸಕ್ಕ ಬಾಗಿಲ ಬಳಿ ನಿಂತೇ ಇದ್ದಳು. ತಾಯಿ ಅವಳತ್ತ ಬೆನ್ನು ಮಾಡಿ ಕೂತರು. ರಸ್ತೆಯಾಚೆಯ ಎದುರು ಡಾಕ್ಟರು, ಬಿಳಿ ಹುಬ್ಬಿನ ಮುಂಗೋಪಿ ಮುದುಕರು, ಸ್ಟೂಲಿನ ಮೇಲೆ ಕೂತು ಗಡಿಯಾರ ನೋಡುತ್ತಿದ್ದರು. ಕೂರಲು ಬೇರೆ ಜಾಗವಿಲ್ಲದೆ ನಾನು ಮತ್ತೆ ಅದೇ ರೋಗಿಯ ಕುರ್ಚಿಯಲ್ಲಿ ಒರಗಿದೆ.

“ಮೊದಲು ನೀರಿನ ವಿಷಯ,” ಎಂದು ಭಾವ ಶುರುಮಾಡಿದರು. “ಮದ್ದಿಗೆ ನೀರು ಬೆರೆಸಿದ್ರೆ ಜೋಮು ಮೊದಲಿಂದಲೇ ಸರಿಯಾಗಿ ಹಿಡೀಬಾರದು. ನಮ್ಮ ಶೂರನಿಗೆ ಚೆನ್ನಾಗಿ ಹಿಡೀತು, ನಡುವೆ ಬಿಟ್ಟುಹೋಯ್ತು. ಅಂದ್ರೆ ಮದ್ದು ಇದೆ, ಅದನ್ನ ಹಿಡಿದು ನಿಲ್ಲಿಸೋದು ಏನೋ ಇಲ್ಲ. ಏನದು ಡಾಕ್ಟ್ರೇ?”

“ಅಡ್ರಿನಲಿನ್,” ಎಂದು ಎದುರು ಡಾಕ್ಟರು ಗೊಣಗಿದರು. “ಶೀಶೆಯಲ್ಲಿ ಎರಡು ಇರ್ತವೆ. ಒಂದು ಜೋಮು ತರತ್ತೆ. ಇನ್ನೊಂದು ಅಲ್ಲಿನ ರಕ್ತನಾಳಗಳನ್ನ ಬಿಗಿ ಮಾಡಿ, ಮದ್ದು ಹರಿದುಹೋಗದ ಹಾಗೆ ನೋಡ್ಕೊಳ್ಳತ್ತೆ. ಎರಡನೇದು ಕೆಟ್ರೆ ಜೋಮು ಬೇಗ ಇಳಿಯತ್ತೆ, ರಕ್ತವೂ ಜಾಸ್ತಿ ಬರತ್ತೆ. ನನ್ನ ಕೇಳಿದ್ರೆ ಆವತ್ತೇ ಹೇಳ್ತಿದ್ದೆ. ಕೇಳಲಿಲ್ಲ ಈ ಹುಡುಗಿ!”

ಡಾಕ್ಟರಮ್ಮ ಹಣೆ ಚಚ್ಚಿಕೊಂಡಳು. “ಅಯ್ಯೋ, ರಕ್ತ! ನನ್ನ ಕೈಯನ್ನ ಬೈಕೊಳ್ಳೋದರಲ್ಲೇ ಇದ್ದೆ, ಮದ್ದನ್ನ ಬೆಳಕಿಗೆ ಹಿಡಿದು ನೋಡಲೇ ಇಲ್ಲ.”

“ಅದು ಕೆಡೋದು ಯಾತರಿಂದ?” ಭಾವ ಬಿಡಲಿಲ್ಲ.

“ಬಿಸಿಯಿಂದ, ಬೆಳಕಿಂದ. ಕೆಟ್ರೆ ಕಂದು ಬಣ್ಣಕ್ಕೆ ತಿರುಗತ್ತೆ.”

“ಇನ್ನು ಈ ಚೀಲದ ಶೀಶೆ. ಇದು ಈ ಮನೆಯ ಕಂಪನಿಯದೇ ಅಲ್ಲ. ಯಾರದು ಡಾಕ್ಟ್ರೇ?”

“ನಂದು. ನಮ್ಮ ಸ್ಟಾಕು ಯಾಕೋ ಸರಿಯಿಲ್ಲ, ರೋಗಿಗಳು ನರಳ್ತಿದಾರೆ, ಒಂದು ಕೊಡಿ ಸಾರ್, ಪರೀಕ್ಷೆ ಮಾಡಿಸ್ತೀನಿ ಅಂತ ಈ ನರ್ಸಕ್ಕನೇ ಬಂದು ಕೇಳಿದ್ಲು. ಕೊಟ್ಟೆ.”

ಡಾಕ್ಟರಮ್ಮ ನರ್ಸಕ್ಕನ ಕಡೆ ತಿರುಗಿದಳು. “ಅದನ್ನ ಆಗಲೇ ಯಾಕೆ ಹೇಳಲಿಲ್ಲ ಅಕ್ಕಾ?”

“ಕಾಯ್ತಾ ಕೂತವರ ಮುಂದೆ ಡಾಕ್ಟರಮ್ಮನ ಮದ್ದು ಕೆಟ್ಟಿದೆ ಅಂತ ಹೇಳಲಾ? ಮಾರನೇ ದಿನ ಯಾರು ಬರ್ತಿದ್ರು ಈ ಬಾಗಿಲಿಗೆ?”

ನನಗೆ ನಾಚಿಕೆಯಾಯಿತು. ಬೆಳಿಗ್ಗೆ ನಾನು ಅಂದುಕೊಂಡದ್ದು ಯಾರಿಗೂ ಕೇಳಿಸಿರಲಿಲ್ಲ, ಅದೊಂದೇ ಪುಣ್ಯ.

ಭಾವನ ದನಿ ಮೆತ್ತಗಾಯಿತು. “ಟ್ರೇಗೆ ಶೀಶೆ ಇಟ್ಟದ್ದು ನರ್ಸಕ್ಕ ಅಂತ ಡಾಕ್ಟರಮ್ಮ, ಡಾಕ್ಟರಮ್ಮ ಅಂತ ನರ್ಸಕ್ಕ. ಇಬ್ಬರೂ ನಂಬಿದ್ದನ್ನೇ ಹೇಳಿದ್ರು. ಹಾಗಿದ್ರೆ ಮೂರನೆಯವರು ಇರ್ಬೇಕು. ಚೀಟಿಗಳು ನೀರಲ್ಲಿ ನೆನೆದು ಎದ್ದಿವೆ. ಆ ಚೀಟಿಯ ಚೂರು ನನಗೆ ಸಿಕ್ಕಿದ್ದು ನಿಮ್ಮ ಒಲೆ ಪಕ್ಕದ ಪಾತ್ರೆಯಲ್ಲಿ. ನೀವು ತಂಗಿ ಮನೆಗೆ ಹೋದಾಗ ಇಲ್ಲಿ ಯಾರೂ ಕೂಗಲಿಲ್ಲ. ಅಮ್ಮಾ, ಶೀಶೆಗಳನ್ನ ದಿನಾ ಬಿಸಿನೀರಲ್ಲಿ ಯಾಕೆ ಇಡ್ತಿದ್ರಿ?”

ತಾಯಿ ಮೊದಲು ಅರ್ಥವಾಗದವರಂತೆ ನೋಡಿದರು. ಆಮೇಲೆ ಅವರ ಕೈ ಬಾಯಿಗೆ ಹೋಯಿತು.

“ನಮ್ಮ ಯಜಮಾನ್ರು ಬೆಚ್ಚಗೆ ಮಾಡ್ತಿದ್ರಲ್ಲ! ಚುಚ್ಚೋ ಮುಂಚೆ ಶೀಶೇನ ಮುಷ್ಟಿಲಿ ಹಿಡ್ಕೊಂಡಿರ್ತಿದ್ರು. ತಣ್ಣಗಿದ್ರೆ ನೋಯತ್ತೆ ಅಂತಿದ್ರು. ಇವಳು ಚುಚ್ಚಿದಾಗ ಜನ ಕುಮುಟಿ ಬೀಳ್ತಿದ್ರು. ಅಪ್ಪನ ಕೈ ಮಗಳಿಗೆ ಬರಲಿಲ್ಲ ಅಂತ ಒಬ್ಬಳು ನನ್ನ ಮುಖದ ಮೇಲೇ ಅಂದ್ಲು. ನನಗೆ ಹೊಟ್ಟೆ ಉರೀತು. ಇವಳಿಗೆ ಹೇಳಿದ್ರೆ, ಮಾತೆತ್ತಿದ್ರೆ ಅಪ್ಪ ಅಪ್ಪ ಅಂತೀಯ ಅಂತ ರೇಗ್ತಾಳೆ. ಅದಕ್ಕೇ ಯಾರಿಗೂ ಹೇಳದೆ, ಕೈ ಸುಡೋ ಹಾಗೆ ನೀರು ಕಾಯಿಸಿ, ಅದರಲ್ಲಿ ಶೀಶೆ ಇಟ್ಟು, ಆಮೇಲೆ ಟ್ರೇಲಿ ಜೋಡಿಸಿ…”

“ದಿನಾ?” ಎದುರು ಡಾಕ್ಟರು ಹೌಹಾರಿದರು. “ಅವೇ ಶೀಶೆಗಳನ್ನ ಮತ್ತೆ ಮತ್ತೆ?”

“ಒಳ್ಳೇದಲ್ವಾ ಅಂದ್ಕೊಂಡೆ.”

ಮುದುಕರ ಸಿಡುಕು ಇಳಿಯಿತು. “ಮುಷ್ಟಿಯ ಬಿಸಿಗೆ ಏನೂ ಆಗಲ್ಲ ಅಮ್ಮಾ, ಒಲೆಯ ಬಿಸಿಗೆ ಆಗತ್ತೆ. ಅಷ್ಟಕ್ಕೂ ನಿಮ್ಮ ಯಜಮಾನರ ಗುಟ್ಟು ಬಿಸಿ ಅಲ್ಲ, ನಿಧಾನ. ನಾವಿಬ್ಬರೂ ಒಟ್ಟಿಗೇ ಕಲಿತವರು. ಮೊದಲು ವಸಡಿಗೆ ಜೋಮಿನ ಮುಲಾಮು ಸವರಿ ಕಾಯ್ತಿದ್ದ. ಗಲ್ಲ ಅಲ್ಲಾಡಿಸ್ತಾ, ಊರ ಸುದ್ದಿ ಹೇಳ್ತಾ, ತೊಟ್ಟು ತೊಟ್ಟಾಗಿ ಮದ್ದು ಬಿಡ್ತಿದ್ದ. ಅವನು ಒಬ್ಬರಿಗೆ ಚುಚ್ಚೋ ಹೊತ್ತಲ್ಲಿ ನಾನು ಮೂವರಿಗೆ ಮುಗಿಸ್ತಿದ್ದೆ. ಅದಕ್ಕೇ ನನಗೆ ಆ ಹೆಸರು ಬರಲಿಲ್ಲ.” ಆಮೇಲೆ ಡಾಕ್ಟರಮ್ಮನಿಗೆ, “ನೀನು ರೋಗಿ ಹೆದರ್ತಾನೆ ಅಂತ ಬೇಗ ಬೇಗ ಒತ್ತಿಬಿಡ್ತೀಯ. ಅಷ್ಟೇ ದೋಷ. ಕೈಯೇನೂ ಕೆಟ್ಟಿಲ್ಲ,” ಎಂದರು.

ತಾಯಿ ಎದ್ದು ನರ್ಸಕ್ಕನ ಮುಂದೆ ಹೋಗಿ ನಿಂತರು. “ತಪ್ಪಾಯ್ತು ಕಣೇ. ಹೊಟ್ಟೆಗೆ ಹಾಕ್ಕೋ.”

ನರ್ಸಕ್ಕನ ಕಣ್ಣಲ್ಲಿ ನೀರಿತ್ತು, ಆದರೆ ದನಿ ನಡುಗಲಿಲ್ಲ. “ಕಳ್ಳಿ ಅಂದದ್ದು ಅಷ್ಟು ಜನರ ಎದುರು. ತಪ್ಪಾಯ್ತು ಅನ್ನೋದು ಬಾಗಿಲು ಹಾಕ್ಕೊಂಡಾ ಅಮ್ಮಾ?”

ಹಾಗೆಂದು ಹೊರಟೇಹೋದಳು. ನಾವು ಯಾರೂ ತಡೆಯಲಿಲ್ಲ. ಯಾವ ಬಾಯಲ್ಲಿ ತಡೆಯುವುದು?

ಮರುದಿನ ನನ್ನ ಹಲ್ಲಿನ ಮಿಕ್ಕ ಕೆಲಸಕ್ಕೆಂದು ನಾನು ಕೆಳಗಿಳಿದಾಗ ತಾಯಿ ಹೊರಗಿನ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಒಳಗೆ ಕಾಲಿಟ್ಟವರನ್ನೆಲ್ಲ ತಡೆದು, “ನಿನ್ನೆ ನಾನು ನಮ್ಮ ನರ್ಸಕ್ಕನ್ನ ಕಳ್ಳಿ ಅಂದೆ. ಸುಳ್ಳು. ಮದ್ದು ಕೆಡಿಸಿದ್ದು ನಾನು,” ಎನ್ನುತ್ತಿದ್ದರು. ಕೆಲವರು ಮುಜುಗರದಿಂದ ತಲೆಯಾಡಿಸಿದರು. ಒಬ್ಬಾತ ಹಿಂದಿರುಗಿಯೇ ಹೋದ. ಡಾಕ್ಟರಮ್ಮ ಒಳಗಿನಿಂದ ನೋಡುತ್ತಿದ್ದಳು, ಸಾಕು ಎನ್ನಲಿಲ್ಲ. ಭಾವ ಮೆಟ್ಟಿಲ ಮೇಲೆ ನಿಂತು ಪೇಪರು ಓದುವ ನಾಟಕ ಮಾಡುತ್ತಿದ್ದರು.

ಮಧ್ಯಾಹ್ನದ ಹೊತ್ತಿಗೆ ನರ್ಸಕ್ಕ ಬಂದಳು. ಯಾರೋ ಹೋಗಿ ಹೇಳಿರಬೇಕು. ತಾಯಿ ಆಗ ಅಪರಿಚಿತನೊಬ್ಬನಿಗೆ ಅದನ್ನೇ ಹೇಳುತ್ತಿದ್ದರು, ದನಿ ಒಡೆದುಹೋಗಿತ್ತು. ಅವಳು ಸ್ವಲ್ಪ ಹೊತ್ತು ಕೇಳುತ್ತ ನಿಂತಳು. ಆಮೇಲೆ ಚೀಲವನ್ನು ಗೂಟಕ್ಕೆ ಸಿಕ್ಕಿಸಿ ಬಂದು ಅವರ ತೋಳು ಹಿಡಿದಳು.

“ಸಾಕು ಬನ್ನಿ ಅಮ್ಮಾ ಒಳಗೆ. ಹೀಗೇ ಹೇಳ್ತಾ ನಿಂತ್ರೆ ಇರೋ ರೋಗಿಗಳೂ ಓಡಿಹೋಗ್ತಾರೆ.”

ತಾಯಿ ಅಲ್ಲಾಡಲಿಲ್ಲ. ಮೆಲ್ಲಗೆ ತೋಳು ಬಿಡಿಸಿಕೊಂಡು ರಸ್ತೆಯ ಕಡೆಗೇ ನೋಡಿದರು.

“ಓಡಿಹೋದ್ರೆ ಹೋಗ್ಲಿ ಕಣೇ. ನೀನು ಒಳಗೆ ನಡಿ, ಕೆಲಸ ನೋಡು. ನಿನ್ನೆ ಆ ಬೆಂಚಿನ ಮೇಲೆ ಕೂತಿದ್ದವರಲ್ಲಿ ಇನ್ನೂ ಇಬ್ಬರು ಬರೋದಿದೆ.”