ಉಡುಗೊರೆಯ ಪುಟದಲ್ಲಿ ಅಪ್ಪನ ಕೋಟು

"ತಗೋ! ಐದು ಗಂಟೆಯೊಳಗೆ ತಂದಿದೀನಿ. ದಂಡ ಹಾಕ್ಬೇಡ ಮತ್ತೆ."

ಕೌಂಟರಿನ ಮೇಲೆ ಫಾರಂ ಇಟ್ಟವನು ಕೌನ್ಸಿಲರ್ ವರ್ನನ್. ಒಡೀಲಿಯಾ ತಲೆಯೆತ್ತಿ ನೋಡಿದಳು. ಅವನ ಮೈಮೇಲೆ ಅವಳೇ ಕೊಟ್ಟ ಉಣ್ಣೆ ಕೋಟು... ಮದುವೆಯಾಗ್ತೀಯಾ ಎಂದು ಅವಳನ್ನು ಕೇಳಿದ ಮೇಲೆ ಅವನು ಎದುರಿಗೆ ಬಂದದ್ದು ಇದೇ ಮೊದಲು.

ಅವಳು ಆಲ್ಡರ್ ಬೆಂಡ್ ಪಟ್ಟಣದ ಸಿಟಿ ಕ್ಲರ್ಕ್. ಕೌನ್ಸಿಲರುಗಳ ಆಸ್ತಿ, ಆದಾಯ, ಉಡುಗೊರೆಗಳ ವಿವರ ತೆಗೆದುಕೊಂಡು, ಮುದ್ರೆ ಒತ್ತಿ, ಕೇಳಿದವರಿಗೆಲ್ಲ ತೋರಿಸುವುದು ಅವಳ ಕೆಲಸ. ಒಂದಕ್ಷರವನ್ನೂ ತಾನಾಗಿ ತಿದ್ದುವ ಹಾಗಿಲ್ಲ.

ಅವನ ಫಾರಂ ತಿರುವುತ್ತ ಹೋದಂತೆ ಉಡುಗೊರೆಯ ಪುಟ ಬಂತು.

‘ಹಳೇ ಉಣ್ಣೆ ಕೋಟು. ಕೊಟ್ಟವರು: ಒಡೀಲಿಯಾ ಸಿಲ್ವೇರಾ, ಪರಿಚಯದವರು.’

ಪರಿಚಯದವರು!

ನಿಯಮದ ಪ್ರಕಾರ, ಮನೆಯವರು, ಪ್ರೀತಿಸಿದವರು ಕೊಟ್ಟದ್ದನ್ನು ಆ ಪುಟದಲ್ಲಿ ಬರೆಯಬೇಕಾಗಿಲ್ಲ. ಅದು ಅವನಿಗೂ ಗೊತ್ತು. ಆದರೂ ಬರೆದಿದ್ದಾನೆ. ಅಂದರೆ... ನಾನು ಇವನಿಗೆ ಯಾರೂ ಅಲ್ಲ!

ತೀರಿಹೋದ ಅಪ್ಪನ ಕೋಟು ಅದು. ನೆರೆ ಬಂದಾಗ ಹೊಳೆಯ ಏರಿ ಕಾಯುತ್ತ ನಡುಗುತ್ತಿದ್ದವನ ಹೆಗಲಿಗೆ ತಾನೇ ಹೊದಿಸಿದ್ದಳು. ಈಗ ತಲೆಯೆತ್ತದೆ ಫಾರಂಗೆ ಮುದ್ರೆ ಒತ್ತಿದಳು.

"ಬೇರೇನೂ ಹೇಳೋದಿಲ್ವಾ?" ವರ್ನನ್ ಕೇಳಿದ.

"ಸಹಿ ಇದೆ, ಪುಟಗಳೆಲ್ಲ ಸರಿ ಇವೆ. ಅಷ್ಟೇ ನನ್ನ ಕೆಲಸ."

ಅವನು ಹೊರಟೇಬಿಟ್ಟ.

ಅಯ್ಯೋ ಹುಚ್ಚಿ, ಹೋಗೋಕೆ ಬಿಟ್ಟೆಯಲ್ಲೇ! ಕೊರಳಿನ ಗುರುತಿನ ಚೀಟಿ ಕಿತ್ತು ಮೇಜಿನ ಮೇಲೆಸೆದು, ಮೆಟ್ಟಿಲಿಗೆ ಓಡಿದಳು.

"ವರ್ನನ್! ಅಪ್ಪ ಹೋದ್ಮೇಲೆ ಆ ಕೋಟನ್ನ ಯಾರಿಗೂ ಮುಟ್ಟೋಕೂ ಬಿಟ್ಟಿರ್ಲಿಲ್ಲ ನಾನು. ನಿನಗೆ ಕೊಟ್ಟೆ! ಊರೆಲ್ಲ ಓದೋ ಕಾಗದದಲ್ಲಿ ಪರಿಚಯದವರು ಅಂತ ಬರೆದ್ಯಲ್ಲೋ... ನಿಂದೇನು ಕಲ್ಲು ಮನಸ್ಸಾ?"

ಅವನ ಕಣ್ಣೂ ಕೆಂಪಾಗಿತ್ತು.

"ಮದುವೆ ಮಾತು ಎತ್ತಿದಾಗ ಬಾಯಿ ಬಿಟ್ಯಾ ನೀನು? ಎದ್ದು ಹೋದೆ. ಬರೆದದ್ದೆಲ್ಲ ನಿಜ ಅಂತ ಪ್ರಮಾಣ ಮಾಡಿ ಸಹಿ ಹಾಕ್ಬೇಕು ಅಲ್ಲಿ. ನೀನು ನನ್ನ ಪ್ರೀತಿಸ್ತೀಯ ಅಂತ ಹೇಗೆ ಪ್ರಮಾಣ ಮಾಡ್ಲಿ, ಒಡೀಲಿಯಾ?"

ಅವಳು ಮೆಟ್ಟಿಲ ಮೇಲೆ ಕೂತಳು.

"ಹೆದರಿಕೆ ಆಯ್ತು ಕಣೋ. ಅಪ್ಪ ಹೋಗ್ಬಿಟ್ರು... ಇನ್ನೊಬ್ಬರನ್ನ ಕಳ್ಕೊಳ್ಳೋ ಶಕ್ತಿ ನನಗಿಲ್ಲ."

ಅವನು ಕೋಟು ಬಿಚ್ಚಿ ಅವಳಿಗೆ ಹೊದಿಸಿ ಪಕ್ಕದಲ್ಲಿ ಕೂತ. ಕೋಟಿನಲ್ಲಿ ಅಪ್ಪನ ಹೊಗೆಸೊಪ್ಪಿನ ವಾಸನೆ ಇನ್ನೂ ಇತ್ತು. ಅವಳು ಬಹಳ ಹೊತ್ತು ಅತ್ತಳು.

"ಆ ಕೋಟಿನ ಸಾಲು ತೆಗೆದು, ನಾಳೆ ತಿದ್ದುಪಡಿ ಫಾರಂ ತರ್ಲಾ?" ಮೆಲ್ಲಗೆ ಕೇಳಿದ.

"ತಾ. ಆದ್ರೆ ನನ್ನ ಸಹಾಯಕಿ ಕೈಗೆ ಕೊಡು. ನಾನು ತಗೊಳ್ಳೋದಿಲ್ಲ."

"ಯಾಕೆ? ಇನ್ನೂ ಕೋಪಾನಾ?"

ಅವಳು ಕಣ್ಣೊರೆಸಿಕೊಂಡು ಅವನ ಹೆಗಲಿಗೆ ಒರಗಿದಳು.

"ನನ್ನವರ ಕಾಗದಕ್ಕೆ ನಾನೇ ಮುದ್ರೆ ಒತ್ತಬಾರ್ದು ಕಣೋ, ಪೆದ್ದ."