ಸಮುದ್ರದ ಕಡೆಯ ತೂಬು

ಬೆಳಗ್ಗೆ ಆರೂವರೆಗೆ ನೀರಿಗೆ ಬಂದ ಹೆಂಗಸರು ನಲ್ಲಿ ತಿರುಗಿಸಿದರು. ಬರೀ ಗಾಳಿ ಬಂತು. ಮಳೆನೀರಿನ ತೊಟ್ಟಿಗೆ ಇಣುಕಿದರೆ ತಳದಲ್ಲಿ ಕೆಸರು ಮಾತ್ರ. ಸರ್ಕಾರ ಕಟ್ಟಿಸಿದ, ಇಡೀ ದ್ವೀಪ ಕುಡಿಯುವ ತೊಟ್ಟಿ ಅದು. ಮಳೆಗೆ ಇನ್ನೂ ಮೂರು ತಿಂಗಳು. ಅಲ್ಲಿಯವರೆಗೆ ಊರು ಬಿಡುವುದೊಂದೇ ದಾರಿ.

ನಮ್ಮ ಠಾಣೆಯಲ್ಲಿ ಇರುವುದು ಇಬ್ಬರೇ. ಸಬ್ ಇನ್‌ಸ್ಪೆಕ್ಟರ್ ಮೇಡಂ, ಮತ್ತು ಪೇದೆಯಾದ ನಾನು. ಅವರು ತಲೆ ಓಡಿಸುತ್ತಾರೆ, ನಾನು ಕಾಲು ಓಡಿಸುತ್ತೇನೆ.

"ತೊಟ್ಟಿ ಬೀಗ ಒಡೆದಿಲ್ಲ, ಮೇಡಂ."

"ಬೀಗದ ಕೈ ಯಾರ ಹತ್ರ?"

"ಯಜಮಾನ್ರ ಹತ್ರ ಒಂದು. ಇನ್ನೊಂದು ಕಚೇರಿ ಗೋಡೇಲಿ ನೇತಾಡ್ತಿರುತ್ತೆ. ಯಾರು ಬೇಕಾದ್ರೂ ತಗೋಬಹುದು."

ಯಜಮಾನರು ಅಂದರೆ ತೊಟ್ಟಿ ಕಾಯುವವರು. ಇಪ್ಪತ್ತೆರಡು ವರ್ಷ ಆ ನೀರನ್ನು ಮಗುವಿನಂತೆ ನೋಡಿಕೊಂಡವರು. ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತಿದ್ದರು. ಅವರನ್ನು ಅನುಮಾನಿಸಲು ನನಗೆ ಮನಸ್ಸೇ ಬರಲಿಲ್ಲ.

ನನ್ನ ಕಣ್ಣು ಇದ್ದದ್ದು ನೀರಿನ ದೋಣಿಯವನ ಮೇಲೆ. ಆಚೆ ದಡದಿಂದ ಡ್ರಮ್ಮಿನಲ್ಲಿ ನೀರು ತಂದು ಮಾರುವ ಆಸಾಮಿ. ತೊಟ್ಟಿ ಬರಿದಾದರೆ ಅವನಿಗೆ ಸುಗ್ಗಿ. ಕೊರಳಪಟ್ಟಿ ಹಿಡಿದು ಎಳೆದು ತಂದೆ.

"ಸಾರ್, ದೋಣಿ ಇಂಜಿನ್ ಕೆಟ್ಟು ನಾಲ್ಕು ದಿನ ಆಯ್ತು. ಮೆಕ್ಯಾನಿಕ್ ಮನೇಲಿ ಬಿಚ್ಚಿ ಹರಡಿದ್ದಾನೆ. ನೀರು ಚೆಲ್ಲಿ ನಾನೇನು ಈಜ್ಕೊಂಡು ಹೋಗಿ ತರ್ಲಾ?"

ಹೋಗಿ ನೋಡಿದೆ. ನಿಜವೇ. ಪೆಚ್ಚುಮೋರೆ ಹಾಕಿಕೊಂಡು ವಾಪಸ್ ಬಂದೆ.

*

ಮೇಡಂ ಅಷ್ಟರಲ್ಲಿ ತೊಟ್ಟಿಗೆ ಎರಡು ಸುತ್ತು ಹಾಕಿದ್ದರು. ತೊಟ್ಟಿಗೆ ಎರಡು ತೂಬು. ಒಂದು, ದ್ವೀಪದ ಹಕ್ಕಿಗಳು ನೀರು ಕುಡಿಯುವ ಕೊಳದ ಕಡೆ. ಒಂದೇ ಕೈಯಲ್ಲಿ ತಿರುಗುತ್ತದೆ. ಇನ್ನೊಂದು ಸಮುದ್ರದ ಕಡೆ. ವರ್ಷಗಳಿಂದ ಯಾರೂ ಮುಟ್ಟದೆ ತುಕ್ಕು ಹಿಡಿದದ್ದು.

"ತೆರೆದಿರೋದು ಯಾವುದು ನೋಡು."

ತುಕ್ಕು ಹಿಡಿದದ್ದೇ. ಸುತ್ತ ಸುತ್ತಿಗೆಯ ಗುರುತು, ಎಣ್ಣೆಯ ಕಲೆ.

"ಸುಲಭದ್ದು ಬಿಟ್ಟು ಇದರ ಜೊತೆ ಯಾಕೆ ಗುದ್ದಾಡಿದ?"

"ತಲೆ ಕೆಟ್ಟಿರ್ಬೇಕು."

"ಇಲ್ಲ ಕಣಯ್ಯ. ಈ ನೀರು ಹಕ್ಕಿಗಳೂ ಕುಡೀಬಾರ್ದು ಅಂತ. ಅವನ ಲೆಕ್ಕದಲ್ಲಿ ಇದು ವಿಷ."

ವಿಷ ಅಂದ ಕೂಡಲೇ ನೆನಪಾಯಿತು. ಹಕ್ಕಿಗಳ ಮೊಟ್ಟೆ ತಿನ್ನುವ ಇಲಿಗಳನ್ನು ಮುಗಿಸಲು ಸರ್ಕಾರದ ತಂಡ ಮೊನ್ನೆಯಿಂದ ಮೇಣದ ನೀಲಿ ಗುಳಿಗೆ ಎರಚುತ್ತಿತ್ತು. ತಂಡದ ಮುಖ್ಯಸ್ಥೆ ಯಜಮಾನರ ಮಗಳು. ಬಾಯಿಗೆ ಹೋದರೆ ಸಾವೇ ಎಂದು ಮನೆಮನೆಗೂ ಹೇಳಿ ಬಂದಿದ್ದಳು.

ಮೇಡಂ ಕೆಸರಿನಲ್ಲಿ ಕೈಯಾಡಿಸಿದರು. ಮೂರು ನೀಲಿ ಗುಳಿಗೆ ಸಿಕ್ಕವು.

*

"ಯಜಮಾನ್ರೇ, ಅಂಗೈ ತೋರಿಸಿ."

ಎರಡೂ ಕೈಯಲ್ಲಿ ಹಸಿ ಬೊಬ್ಬೆ. ಸುತ್ತಿಗೆ ಹಿಡಿದ ಬೊಬ್ಬೆ.

"ನಿನ್ನೆ ಮಧ್ಯಾಹ್ನ ನೋಡಿದೆನಮ್ಮ," ಎಂದರು ಮೆಲ್ಲಗೆ. "ತೊಟ್ಟಿ ಮೇಲಿನ ಇಳಿಜಾರಲ್ಲಿ ಅದನ್ನ ಹಾಕೋ ಹಾಗಿಲ್ಲ. ಮಗಳ ತಂಡದೋರು ಹಾಕಿಬಿಟ್ಟಿದ್ರು. ಉರುಳಿ ಒಳಗೆ ಬಿದ್ದಿತ್ತು."

"ಯಾರಿಗಾದ್ರೂ ಹೇಳ್ಬೇಕಿತ್ತಲ್ಲ?"

"ಹೇಳಿದ್ರೆ ಅವಳ ಕೆಲಸ ಹೋಗ್ತಿತ್ತು. ನಾನು ಹೇಗೂ ಈ ವರ್ಷ ರಿಟೈರ್ ಆಗೋನು. ತಪ್ಪು ನನ್ನ ತಲೆ ಮೇಲಿರ್ಲಿ ಅಂದ್ಕೊಂಡೆ."

ಕಟ್ಟೆಯ ಪಕ್ಕ ಮಗಳು ನಿಂತಿದ್ದಳು. ಯಾವಾಗ ಬಂದಳೋ ಗೊತ್ತಿಲ್ಲ.

"ಅಪ್ಪಾ, ಅದು ವಿಷ ಅಲ್ಲ."

ಮೇಡಂ ಕೈಯಿಂದ ಒಂದು ಗುಳಿಗೆ ತೆಗೆದುಕೊಂಡು ಅಪ್ಪನ ಮುಂದೆ ಹಿಡಿದಳು.

"ಮೊದಲನೇ ಸುತ್ತಲ್ಲಿ ಬರೀ ಹಿಟ್ಟು, ಮೇಣ, ತಿನ್ನೋ ಬಣ್ಣ. ಇಲಿ ತಿನ್ನುತ್ತಾ ಅಂತ ನೋಡೋಕೆ. ವಿಷ ಹಾಕೋದು ಮುಂದಿನ ವಾರ. ಈಗಲೇ ನಿಜ ಹೇಳಿದ್ರೆ ಜನ ಆಮೇಲೂ ಹೆದರಲ್ಲ, ಮಕ್ಕಳು ಮುಟ್ತಾರೆ. ಅದಕ್ಕೆ ಯಾರಿಗೂ ಹೇಳ್ಬೇಡಿ ಅಂತ ಆದೇಶ."

"ಮನೇಲೂ ಹೇಳಿಲ್ವಾ?" ಮೇಡಂ ಕೇಳಿದರು.

"ನಿಯಮ ಅಂದ್ರೆ ನಿಯಮ ಅಂತ ಕಲಿಸಿದ್ದೇ ಅಪ್ಪ."

ಯಜಮಾನರು ಬರಿದಾದ ತೊಟ್ಟಿಯತ್ತ ತಿರುಗಿ ನೋಡಿದರು. ಆಮೇಲೆ ಕೇಳಿದರು: "ಹಾಗಾದ್ರೆ ನೀರು ಚೆನ್ನಾಗೇ ಇತ್ತಾ?"

"ಚೆನ್ನಾಗಿತ್ತಪ್ಪ."

*

ಮರುದಿನದ ಲಾಂಚಿನಲ್ಲಿ ಕೂಸುಗಳಿದ್ದ ಮನೆಯವರೆಲ್ಲ ಗಂಟುಮೂಟೆ ಕಟ್ಟಿ ಹೊರಟರು. ಅದೇ ಲಾಂಚಿನಲ್ಲಿ ಯಜಮಾನರನ್ನು ಆಚೆ ದಡದ ಕೋರ್ಟಿಗೆ ನಾನೇ ಕರೆದೊಯ್ದೆ. ಬೇಡಿ ಹಾಕಲು ಕೈ ಬರಲಿಲ್ಲ. ಅವರನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ಅವರಿಗೂ ನನಗೂ. ಎದುರು ಕೂತಿದ್ದ ಹೆಂಗಸೊಬ್ಬಳು ತನ್ನ ಬಾಟಲಿಯನ್ನು ಅವರ ಮುಂದೆ ಹಿಡಿದಳು.

"ಬೇಡ," ಎಂದರು ಯಜಮಾನರು. "ಮಗುಗೆ ಇಟ್ಕೋ, ತಾಯಿ."