ಬೇರಿಲ್ಲದ ಅಣಬೆ

ಹನುಮಂತಮ್ಮ ಬಂದು ಹೊಸ್ತಿಲ ಹೊರಗೆ ಕುಕ್ಕರಿಸಿದಾಗ ಸರಸಮ್ಮನವರು ಇನ್ನೂ ಕಾಫಿ ಕುಡಿದಿರಲಿಲ್ಲ. ಬೈರಾಪಟ್ಟಣದಿಂದ ಚನ್ನಪಟ್ಟಣಕ್ಕೆ ಹುತ್ತದ ಅಣಬೆ ತಂದು ಮಾರುವ ಹೆಂಗಸು ಅವಳು. ಅವಳು ಕೊಟ್ಟ ಅಣಬೆಯ ಸಾರುಂಡ ಪ್ರೊಫೆಸರ್ ಕರಿಯಪ್ಪ ವಾಂತಿಭೇದಿಯಾಗಿ ಆಸ್ಪತ್ರೆ ಸೇರಿದ್ದರು. ಪೊಲೀಸರು ಅವಳನ್ನೇ ಹಿಡಿಯುವುದಾಗಿ ಹೇಳಿದ್ದರು.

"ಹುತ್ತಕ್ಕೆ ಕಬ್ಬಿಣ ತಾಗಿಸ್ದೋಳಲ್ಲ ಕಣವ್ವಾ ನಾನು. ನಾಗಪ್ಪನ ಜಾಗ. ಕಡ್ಡೀಲಿ ಕೆದಕಿ ಬೇರು ಸಮೇತ ಎತ್ತದು. ಅಂತಾದ್ರಲ್ಲಿ ವಿಷ ಇಕ್ತೀನಾ?"

ಸರಸಮ್ಮನವರು ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು. ಊರಿನಲ್ಲಿ ಗಂಟು ಬಿಚ್ಚದ ಪ್ರಕರಣಗಳೆಲ್ಲ ಅವರ ಜಗಲಿಗೇ ಬರುತ್ತಿದ್ದವು. ಶಿಷ್ಯೆ ಫಿರೋಜಾಳೊಂದಿಗೆ ಅವರು ಕರಿಯಪ್ಪನವರ ಮನೆಗೆ ಹೊರಟರು.

ಕರಿಯಪ್ಪನವರ ಹೆಂಡತಿ ಚಿಕ್ಕಲಕ್ಷ್ಮಮ್ಮ ನಡೆದದ್ದನ್ನು ಹೇಳಿದರು. ಅಂದು ಶ್ರಾವಣ ಶನಿವಾರ, ತಮಗೆ ಒಪ್ಪತ್ತು. ಗುಲಾಬಿ ಬೀಜಕಣದ ಹೊಸ ಅಣಬೆಯೊಂದನ್ನು ಗುರುತಿಸಿ ಹೆಸರಿಟ್ಟದ್ದಕ್ಕೆ ಗಂಡನನ್ನು ಅಭಿನಂದಿಸಲು ಅವರ ಹಳೆಯ ಶಿಷ್ಯೆ ವೆಂಕಟಲಕ್ಷ್ಮಿ ಬಂದಿದ್ದಳು. ತಾವು ಪೂಜೆಗೆ ಕೂತಾಗ ಅಣಬೆ ಸೋಸಿಕೊಟ್ಟವಳು ಅವಳೇ. ಊಟಕ್ಕೆ ಮಾತ್ರ ಬರೀ ಮೊಸರನ್ನ ಸಾಕೆಂದಳಂತೆ.

ಹಿತ್ತಲ ತಿಪ್ಪೆಯಲ್ಲಿ ಹುಳುಕೆಂದು ಎಸೆದ ಅಣಬೆಗಳಿದ್ದವು. ಕೆಲವಕ್ಕೆ ಮಣ್ಣು ಮೆತ್ತಿದ ಉದ್ದನೆಯ ಬೇರು. ಉಳಿದವುಗಳ ಕಾಂಡ ಚಾಕುವಿನಿಂದ ನುಣ್ಣಗೆ ಕತ್ತರಿಸಿದ್ದು. ಅವಕ್ಕೆ ಹೊಂದುವ ಬುಡದ ತುಂಡು ಎಷ್ಟು ಕೆದಕಿದರೂ ಸಿಗಲಿಲ್ಲ. ಫಿರೋಜಾ ಎರಡೂ ಬಗೆಯ ಕೊಡೆಗಳನ್ನು ಗಾಜಿನ ಮೇಲೆ ಬೋರಲು ಹಾಕಿಟ್ಟಳು. ಮರುದಿನ ಎರಡರಡಿಯಲ್ಲೂ ಉದುರಿದ ಬೀಜಕಣಗಳ ಗುಲಾಬಿ ಪುಡಿ. ಎರಡೂ ಒಂದೇ ಜಾತಿ, ಎಲ್ಲವೂ ಬುಟ್ಟಿಯಲ್ಲೇ ಬಂದವು, ಹನುಮಂತಮ್ಮ ಸಿಕ್ಕಿಬಿದ್ದಳು ಎಂದುಕೊಂಡಳು. ಸರಸಮ್ಮನವರು ಸೂಕ್ಷ್ಮದರ್ಶಕವನ್ನು ಅವಳ ಕಡೆ ಸರಿಸಿದರು. ಬೇರಿದ್ದದರ ಕಣಗಳು ಮೊಟ್ಟೆಯಂತೆ ನುಣುಪು. ಬುಡ ಕತ್ತರಿಸಿದ್ದರವು ಮೂಲೆಮೂಲೆಯಾಗಿ ಒಡೆದ ಕಲ್ಲುಸಕ್ಕರೆಯಂತೆ.

ಕರಿಯಪ್ಪನವರು ಚೇತರಿಸಿಕೊಂಡು ಮನೆಗೆ ಬಂದ ಮೇಲೆ ಎಲ್ಲರೂ ಅವರ ಪಡಸಾಲೆಯಲ್ಲಿ ಸೇರಿದರು. ಇನ್ಸ್‌ಪೆಕ್ಟರೂ ಇದ್ದರು. ಸರಸಮ್ಮನವರು ಕಾಡಿನಿಂದ ತರಿಸಿ ಬುಡ ಕತ್ತರಿಸಿದ್ದ ತಾಜಾ ಅಣಬೆಯೊಂದನ್ನು ಕರಿಯಪ್ಪನವರ ಮುಂದಿಟ್ಟರು.

"ಇದು ಯಾವುದು ಹೇಳಿ, ಸರ್."

"ಹುತ್ತದ್ದಲ್ವೇ?" ಎಂದರು ಕರಿಯಪ್ಪ.

ಮೂಲೆಯಿಂದ ಸಣ್ಣ ನಗು ಕೇಳಿಸಿತು. ಫಿರೋಜಾ ತಿರುಗಿದಳು. ನಕ್ಕವಳು ವೆಂಕಟಲಕ್ಷ್ಮಿ.

ಸರಸಮ್ಮನವರು ಬಿಡಿಸಿ ಹೇಳಿದರು. ಹುತ್ತದ ಅಣಬೆಗೆ ಬೇರಿರುತ್ತದೆ, ಹನುಮಂತಮ್ಮ ಕಬ್ಬಿಣ ತಾಗಿಸುವುದಿಲ್ಲ. ಹಾಗಾದರೆ ಬುಡ ಕತ್ತರಿಸಿದವು ಬುಟ್ಟಿಯದಲ್ಲ, ಮನೆಯೊಳಗೆ ಬೆರೆತವು. ಬುಡ ಈ ಮನೆಯಲ್ಲೇ ಕತ್ತರಿಸಿದ್ದರೆ ತಿಪ್ಪೆಯಲ್ಲಿರಬೇಕಿತ್ತು. ಅಂದಮೇಲೆ ಬೇರಿಲ್ಲದ್ದು ತಿಳಿಯದಿರಲೆಂದು ಮೊದಲೇ ಕತ್ತರಿಸಿ ತಂದವು. ಸೋಸಿದವಳು ವೆಂಕಟಲಕ್ಷ್ಮಿ, ಸಾರು ಮುಟ್ಟದವಳೂ ಅವಳೇ.

"ಮೂಲೆಯುಳ್ಳ ಕಣದ ಈ ಅಣಬೆಯೇ ಸರ್ ಹೆಸರಿಟ್ಟಿರುವ ಹೊಸ ಜಾತಿ. ಅವರ ಲೇಖನದಲ್ಲಿ ಒಣಗಿದ ಮಾದರಿಯ ವಿವರ ಬಿಟ್ಟರೆ ಹಸಿಯದರ ಬಣ್ಣವಿಲ್ಲ, ವಾಸನೆಯಿಲ್ಲ. ಅವರು ಇದನ್ನು ನೆಲದ ಮೇಲೆ ನೋಡಿಯೇ ಇಲ್ಲ. ಲೇಖನದಲ್ಲಿ ಹೇಳಿರುವ ಮಾಗಡಿಯ ಕಾಡಿನಲ್ಲಿ ಅಲೆದು ಹುಡುಕಿದವಳು, ಹಸಿಯದನ್ನು ತರಬಲ್ಲ ನೀನು, ಅಲ್ವಾ?"

ವೆಂಕಟಲಕ್ಷ್ಮಿ ಅಲ್ಲಗಳೆಯಲಿಲ್ಲ. ಕರಿಯಪ್ಪನವರನ್ನೇ ದಿಟ್ಟಿಸಿದಳು.

"ಸಾಯಿಸ್ಬೇಕು ಅಂತಿರ್ಲಿಲ್ಲ, ಮೇಡಂ. ನನ್ನ ಹೆಸರು ಹೊಡೆದುಹಾಕಿ ತಮ್ಮದು ಹಾಕ್ಕೊಂಡ್ರಲ್ಲ, ತಟ್ಟೇಲಿ ಬಂದಾಗ ಗುರುತು ಹಿಡೀತಾರಾ ನೋಡ್ಬೇಕಿತ್ತು. ಹಿಡಿದಿದ್ರೆ ತಿಂತಾನೇ ಇರ್ಲಿಲ್ಲ. ಎರಡನೇ ಸಲ ಬಡಿಸಿಕೊಂಡ್ರು."

"ನಿನ್ನ ಸಿಟ್ಟು ನ್ಯಾಯವೇ," ಎಂದರು ಸರಸಮ್ಮನವರು. "ಆದರೆ ಜೈಲಿಗೆ ಹೋಗ್ತಿದ್ದವಳು ಹನುಮಂತಮ್ಮ."

ಆಗ ಮಾತ್ರ ವೆಂಕಟಲಕ್ಷ್ಮಿ ತಲೆ ತಗ್ಗಿಸಿದಳು. ಇನ್ಸ್‌ಪೆಕ್ಟರ ಹಿಂದೆ ಹೊರಟವಳು ಬಾಗಿಲಲ್ಲಿ ನಿಂತು, ಒಳಗಿದ್ದ ಎಲ್ಲರ ಮುಖವನ್ನೂ ಒಮ್ಮೆ ನೋಡಿದಳು.

"ಈಗ ಇವರಿಗೆಲ್ಲ ಗೊತ್ತಾಯ್ತು, ಸರ್. ನನಗಷ್ಟು ಸಾಕು."

ಕರಿಯಪ್ಪನವರು ಎದುರಿಗಿದ್ದ ಅಣಬೆಯನ್ನು ನೋಡುತ್ತಲೇ ಕೂತರು. ಅದನ್ನು ಅವರ ಮುಂದಿನಿಂದ ತೆಗೆಯಲು ಹೆಂಡತಿಯೂ ಏಳಲಿಲ್ಲ.